ಅಲ್ಲಾಡುವ ಮೇಜಿಗೆ ಕಾಗದ ಮಡಚಿಟ್ಟರೆ ಸಾಕಾ?

ಮೊನ್ನೆ ಭಾನುವಾರ ಅತ್ತೆಯನ್ನು ಕರ್ಕೊಂಡು ಸೋಮೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ವಾಪಸು ಬರುವಾಗ ಒಂದು ಹೋಟೆಲಿನ ಹೊರಗಡೆ ಮರದಡಿಯಲ್ಲಿ ಚಾ ಕುಡಿಲಿಕ್ಕೆ ಕೂತೆವು. ಹೋಟೆಲಿನ ಹೆಸರು ಬೇಡ. ಗೋಳಿಬಜೆ ಬಿಸಿಬಿಸಿ ಇತ್ತು, ಚಟ್ನಿಯೂ ಲಾಯ್ಕಿತ್ತು. ಮೇಜು ಮಾತ್ರ ಡಗಡಗ ಅಲ್ಲಾಡ್ತಿತ್ತು. ಹುಡುಗ ಬಂದು ಒಂದು ಕಾಗದ ಮಡಚಿ ಕಾಲಿನಡಿಗೆ ತುರುಕಿ ಹೋದ. ಐದು ನಿಮಿಷ ಸರಿಯಾಯ್ತು. ಅತ್ತೆಗೆ ಮೊಣಕಾಲು ನೋವು, ಏಳುವಾಗ ಮೇಜಿಗೆ ಕೈ ಊರಿದರು. ಮೇಜು ಒಂದು ಬದಿಗೆ ವಾಲಿತು. ಅರ್ಧ ಲೋಟ ಚಾ ಅವರ ಕೈ ಮೇಲೆ! ಚಾ ತಣಿದಿತ್ತು, ನಾನೂ ಹತ್ತಿರವೇ ಇದ್ದೆ, ಹಿಡ್ಕೊಂಡೆ. ಇಲ್ಲದಿದ್ರೆ ಎಂತ ಆಗ್ತಿತ್ತೋ.

"ಚಾ ಚೆಲ್ಲಿದ್ದು ಒಂದು ದೊಡ್ಡ ವಿಷಯವಾ?" ಅಂತ ಇವರು ಕೇಳಿದ್ರು. ನನಗೆ ದೊಡ್ಡದೇ. ಪ್ರಾಯ ಆದವರು ಮೇಜನ್ನು ನಂಬಿ ಏಳುದು. ಆ ನಂಬಿಕೆ ಕಾಗದದ ಮೇಲೆ ನಿಲ್ಲಬಾರದು.

ಹೊರಗಿನ ನೆಲ ಒಳಗಿನ ಹಾಗೆ ಇರುದಿಲ್ಲ, ಅದು ಒಪ್ಪುವ ಮಾತು. ನಮ್ಮ ಮಳೆಗೆ ನೀರು ಹರಿದು ಹೋಗ್ಬೇಕಾದ್ರೆ ಅಂಗಳ ಸ್ವಲ್ಪ ಇಳಿಜಾರು ಇರಲೇಬೇಕು. ಆದ್ರೆ ಇಳಿಜಾರು ಮಾತ್ರ ಇದ್ದರೆ ಮೇಜು ವಾಲಿ ನಿಲ್ತದೆ, ಅಲ್ಲಾಡುದಿಲ್ಲ. ಅಲ್ಲಾಡುದು ಉಬ್ಬುತಗ್ಗು ಇದ್ದಾಗ. ಇಂಟರ್‌ಲಾಕಿನ ಅಡಿಯ ಹೊಯಿಗೆ ಮಳೆಗೆ ಕೊಚ್ಚಿ ಹೋದರೆ ಒಂದೊಂದು ಕಲ್ಲು ಕೂರ್ತದೆ. ಅದನ್ನು ಎಬ್ಬಿಸಿ, ಹೊಯಿಗೆ ಹಾಕಿ, ಮತ್ತೆ ಕೂರಿಸುದು ಮಾಲಕರ ಕೆಲಸ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆಯಾದ್ರೂ ನೋಡ್ಬೇಕು.

ನೆಲ ಸರಿ ಮಾಡುವವರೆಗೆ ಎಂತ ಮಾಡುದು? ನಮ್ಮ ಅಜ್ಜಿಯಂದಿರು ಒಲೆಗೆ ಮೂರು ಕಲ್ಲು ಇಡ್ತಿದ್ದರು. ಮೂರು ಕಾಲಿನದ್ದು ಎಂಥ ನೆಲದಲ್ಲೂ ಅಲ್ಲಾಡುದಿಲ್ಲ. ಹಾಗಂತ ಎಲ್ಲ ಮೇಜಿಗೂ ಮೂರು ಕಾಲು ಮಾಡಿದರೆ ಆಗ್ಲಿಕ್ಕಿಲ್ಲ. ಎರಡು ಕಾಲಿನ ನಡುವೆ ಅಂಚಿಗೆ ಭಾರ ಬಿದ್ದರೆ ಮಗುಚಿ ಬೀಳುದು ಅದೇ ಬೇಗ. ನಮ್ಮತ್ತೆಯಂಥವರಿಗೆ ನಾಲ್ಕು ಕಾಲೇ ಒಳ್ಳೆದು.

ನಾಲ್ಕು ಕಾಲಿನ ಚೌಕ ಮೇಜಿಗೆ ಒಂದು ಉಪಾಯ ಉಂಟು, ಮಗಳು ಹೇಳಿಕೊಟ್ಟದ್ದು. ಮೇಜನ್ನು ಇದ್ದಲ್ಲೇ ಮೆಲ್ಲ ತಿರುಗಿಸುದು. ಮೂಲೆಯಿಂದ ಮೂಲೆಗೆ ಒಂದು ಜೋಡಿ ಕಾಲು ನೆಲದಲ್ಲಿ ಕೂತಿರ್ತದೆ, ಇನ್ನೊಂದು ಜೋಡಿ ಆಡ್ತಿರ್ತದೆ. ತಿರುಗಿಸುತ್ತಾ ಆಡುವ ಜೋಡಿ ಕೂತ ಜೋಡಿಯ ಜಾಗಕ್ಕೆ ಬರುವುದರೊಳಗೆ, ನಡುವೆ ಎಲ್ಲೋ ಒಂದು ಕಡೆ ನಾಲ್ಕೂ ಒಟ್ಟಿಗೆ ಕೂರ್ತದೆ. ಇದನ್ನು 2005ರಲ್ಲಿ ಗಣಿತದವರು ಲೆಕ್ಕ ಹಾಕಿ ತೋರಿಸಿದ್ದಾರೆ. ಆದ್ರೆ ಕಾಲುಗಳು ಒಂದೇ ಉದ್ದ ಇರ್ಬೇಕು, ನೆಲದಲ್ಲಿ ಮೆಟ್ಟಿಲಿನ ಹಾಗೆ ಅಂಚು ಎದ್ದಿರಬಾರದು. ನಮ್ಮ ಚಾವಡಿಯಲ್ಲಿ ಮಾಡಿ ನೋಡಿದೆ, ಗಟ್ಟಿ ನಿಂತಿತು. ಮೇಜು ಸ್ವಲ್ಪ ವಾರೆಯಾಗಿ ಕಾಣ್ತದೆ, ಕಾಣಲಿ.

ಕಾಯಂ ಪರಿಹಾರವೂ ದೊಡ್ಡದೇನಲ್ಲ. ನಮ್ಮ ವಾಷಿಂಗ್ ಮೆಷಿನಿನ ಅಡಿಯಲ್ಲಿ ತಿರುಗಿಸುವ ಕಾಲು ಉಂಟಲ್ವಾ? ತಿರುಗಿಸಿದ ಹಾಗೆ ಎತ್ತರ ತಗ್ಗು ಆಗ್ತದೆ. ಅಂಥದ್ದನ್ನು ಮೇಜಿಗೂ ಹಾಕಿಸಬಹುದು. ಆಮೇಲೆ ಒಂದು ಜಾಗದಲ್ಲಿ ಸರಿ ಮಾಡಿಟ್ಟ ಮೇಜನ್ನು ಗುಡಿಸುವಾಗ ಎಳೆದಾಡಬಾರದು. ಎಳೆದರೆ ಬೆಳಿಗ್ಗೆ ಪುನಃ ನೋಡ್ಬೇಕು.

ನಾನು ಹೇಳುದು ಇಷ್ಟೆ. ಹೊರಗೆ ಮೇಜು ಹಾಕಿ ವ್ಯಾಪಾರ ಮಾಡುವವರು ಬೆಳಿಗ್ಗೆ ಅಂಗಡಿ ತೆರೆಯುವಾಗ ಒಂದೊಂದು ಮೇಜಿನ ಮೂಲೆಗೂ ಕೈ ಊರಿ ನೋಡಲಿ. ನಾವೂ ಸುಮ್ಮನೆ ಕೂರುದು ಬೇಡ. ಬಿಸಿ ಚಾ ತರುವ ಮೊದಲೇ "ಈ ಮೇಜು ಅಲ್ಲಾಡ್ತದೆ" ಅಂತ ಹೇಳುವ. ಆದ್ರೆ ಕಾಗದ ಇಟ್ಟ ಹುಡುಗನಿಗೆ ಬೈಯುದಲ್ಲ. ಪಾಪ, ಅವನ ಕೈಯಲ್ಲಿ ಇದ್ದದ್ದು ಕಾಗದ ಮಾತ್ರ. ಗಲ್ಲೆಯಲ್ಲಿ ಕೂತವರಿಗೆ ಹೇಳ್ಬೇಕು.

ಮುಂದಿನ ತಿಂಗಳು ನಮ್ಮ ಮನೆಯಲ್ಲೂ ಪೂಜೆ ಉಂಟು, ಅಂಗಳದಲ್ಲೇ ಊಟ. ಎಲೆ ಹಾಕುವ ಮೊದಲು ಎಲ್ಲ ಮೇಜಿಗೂ ಕೈ ಊರಿ ನೋಡುದು ಈ ಸಲ ನನ್ನ ಕೆಲಸ.