ತಾರೀಖು ನೋಡಿ ಸ್ವಾಮಿ, ಆಮೇಲೆ ಅಳಿ

ಮೊನ್ನೆ ಭಾನುವಾರ ಡೊಂಬಿವಲಿಯ ಗೆಳೆಯರೊಬ್ಬರ ಮನೆಯಲ್ಲಿ ಕಾಫಿ ಕುಡಿಯುತ್ತಾ ಬಿಲ್ ಇವಾನ್ಸ್ ಟ್ರಿಯೋದ ‘ಯೂ ಮಸ್ಟ್ ಬಿಲೀವ್ ಇನ್ ಸ್ಪ್ರಿಂಗ್’ ಕೇಳುತ್ತಿದ್ದೆವು. ನಾಲ್ಕನೆಯ ತುಣುಕು ‘ವಿ ವಿಲ್ ಮೀಟ್ ಅಗೇನ್’ ಶುರುವಾದದ್ದೇ ತಡ, ಅವರು ದನಿ ತಗ್ಗಿಸಿ, “ಇದು ಆತ್ಮಹತ್ಯೆ ಮಾಡಿಕೊಂಡ ಅಣ್ಣನ ನೆನಪಿಗೆ ನುಡಿಸಿದ್ದು, ಗೊತ್ತಾ?” ಅಂದರು. ಎಲ್ಲರ ಮುಖ ಸಪ್ಪಗಾಯಿತು. ನನಗೋ ರೇಗಿಹೋಯಿತು. ಇದೇ ಮಾತನ್ನು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ!

ಇಷ್ಟು ವರ್ಷದ ನೌಕರಿಯಲ್ಲಿ ತಾರೀಖು ನೋಡದೆ ಒಂದು ಚೆಕ್ಕನ್ನೂ ಪಾಸ್ ಮಾಡಿದವನಲ್ಲ ನಾನು. ಇಲ್ಲೂ ನೋಡೋಣ. ಪಿಯಾನೋದಲ್ಲಿ ಇವಾನ್ಸ್, ಬಾಸ್‌ನಲ್ಲಿ ಎಡ್ಡಿ ಗೊಮೆಜ್, ಡ್ರಮ್ಸ್‌ನಲ್ಲಿ ಎಲಿಯಟ್ ಜಿಗ್ಮಂಡ್ – ಈ ಮೂವರು ಹಾಲಿವುಡ್‌ನ ಸ್ಟುಡಿಯೋದಲ್ಲಿ ಕೂತದ್ದು 1977ರ ಆಗಸ್ಟ್‌ನಲ್ಲಿ. ಅಣ್ಣ ಹ್ಯಾರಿ ತೀರಿಕೊಂಡದ್ದು 1979ರಲ್ಲಿ. ಅಂದರೆ ಈ ರಾಗ ನುಡಿಸುವಾಗ ಹ್ಯಾರಿ ಬದುಕಿದ್ದ!

ಗೊಂದಲಕ್ಕೆ ಕಾರಣವೂ ಇದೆ. ಆಲ್ಬಂ ಹೊರಬಂದದ್ದು 1981ರಲ್ಲಿ. ಅಷ್ಟರಲ್ಲಿ ಅಣ್ಣನೂ ಇರಲಿಲ್ಲ, 1980ರ ಸೆಪ್ಟೆಂಬರ್‌ನಲ್ಲಿ ತಮ್ಮನೂ ಹೋಗಿಬಿಟ್ಟಿದ್ದ. ಕೇಳುವವರು ಹಿಂದುಮುಂದು ನೋಡದೆ ಶೋಕ ಶುರುಮಾಡಿದರು.

ಹಾಗಂತ ಇದರಲ್ಲಿ ದುಃಖವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಮೊದಲ ತುಣುಕು ‘ಬಿ ಮೈನರ್ ವಾಲ್ಟ್ಸ್’, 1973ರಲ್ಲಿ ಜೀವ ಕಳೆದುಕೊಂಡ ಸಂಗಾತಿ ಎಲೇನ್‌ಗೆ ಅರ್ಪಿತ. ಅದು ಶೋಕವೇ, ಒಪ್ಪಿದೆ. ಆದರೆ ಒಂದು ಖಾತೆಯ ಬಾಕಿಯನ್ನು ಇನ್ನೊಂದಕ್ಕೆ ಬರೆಯುವುದು ಯಾವ ಲೆಕ್ಕ?

ಕೊನೆಯ ತುಣುಕು ‘ಮ್ಯಾಶ್’ ಚಿತ್ರದ ರಾಗ. ಅದರ ಇನ್ನೊಂದು ಹೆಸರಿನಲ್ಲಿ ಆತ್ಮಹತ್ಯೆ ಎಂಬ ಪದವಿದೆ, ಅದಕ್ಕೂ ತಲೆಯಾಡಿಸುವವರಿದ್ದಾರೆ. 1970ರ ಆ ಚಿತ್ರದಲ್ಲಿ ಅದು ಒಬ್ಬ ದಂತವೈದ್ಯನ ಅಣಕು ಅಂತ್ಯಕ್ರಿಯೆಯ ಹಾಡು. ಆ ಪುಣ್ಯಾತ್ಮ ಸಾಯುವುದೇ ಇಲ್ಲ! ಟ್ರಿಯೋ ಕೂಡ ಅದನ್ನು ಚುರುಕಾಗಿಯೇ ನುಡಿಸುತ್ತದೆ. ಸಾವಿನ ಕಥೆ ತಲೆಯಲ್ಲಿ ತುಂಬಿಕೊಂಡವರಿಗೆ ಆ ಲವಲವಿಕೆ ಕೇಳಿಸುವುದೇ ಇಲ್ಲ. ಗೊಮೆಜ್‌ನ ಬಾಸ್ ಬರೀ ಆಸರೆಗೆ ನಿಲ್ಲದೆ ಮೇಲಿನ ಸ್ಥಾಯಿಗೆ ಹತ್ತಿ ಹಾಡುವುದೂ ಕೇಳಿಸುವುದಿಲ್ಲ. ಆಲ್ಬಂಗೆ ಹೆಸರು ಕೊಟ್ಟ ರಾಗವನ್ನೇ ನೋಡಿ. ಮಿಷೆಲ್ ಲೆಗ್ರಾಂಡ್ 1967ರ ಫ್ರೆಂಚ್ ಚಿತ್ರಕ್ಕೆ ಮಾಡಿದ್ದು ಅದು. ವಸಂತ ಬಂದೇ ಬರುತ್ತದೆ ಅಂತ ನಂಬು ಎನ್ನುತ್ತದೆ ಹೆಸರು. ನಂಬುವವರು ಯಾರು?

ಅಣ್ಣ ಸತ್ತ ಮೇಲಿನ ನೋವೇ ಬೇಕೆಂದರೆ ಅದೂ ಸಿಗುತ್ತದೆ. 1979ರ ಆಗಸ್ಟ್‌ನಲ್ಲಿ ಇವಾನ್ಸ್ ಅದೇ ರಾಗವನ್ನು ಇನ್ನೊಂದು ಆಲ್ಬಂಗೆ ಒಬ್ಬನೇ ಕೂತು ನುಡಿಸಿದ್ದಾನೆ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿ. 1977ರದ್ದಕ್ಕೂ ಸತ್ತವನ ಹೆಸರು ಕಟ್ಟಿದರೆ, ಬದುಕಿದ್ದ ಅಣ್ಣನಿಗೆ ತಮ್ಮ ಕೊಟ್ಟ ಉಡುಗೊರೆಯನ್ನು ನಾವು ಶ್ರಾದ್ಧದ ಪಿಂಡ ಮಾಡಿದಂತೆ.

ಆ ಅಣ್ಣ ಇದ್ದದ್ದು ದೂರದ ಲೂಯಿಸಿಯಾನಾದಲ್ಲಿ. ಊರು ಬಿಟ್ಟು ಬಂದ ನಮಗೆ ಇದು ಅರ್ಥವಾಗಬೇಕಲ್ಲವೇ? ಹೊಸಿಲು ದಾಟುವಾಗ ನಾವು “ಹೋಗ್ತೀನಿ” ಅನ್ನುವುದಿಲ್ಲ, “ಹೋಗಿ ಬರ್ತೀನಿ” ಅನ್ನುತ್ತೇವೆ. ‘ಮತ್ತೆ ಸಿಗೋಣ’ ಅನ್ನುವ ಆ ರಾಗವೂ ಅಷ್ಟೇ. ನನ್ನಣ್ಣ ಊರಲ್ಲಿದ್ದಾನೆ, ಎಪ್ಪತ್ತರ ಹತ್ತಿರ. ನಾನು ಹಾಗಂದಾಗೆಲ್ಲ ಯಾರಾದರೂ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಂಡರೆ ಸುಮ್ಮನಿರುತ್ತೇನೆಯೇ?

ಏನಂತೀರಿ?