ಹೆರಿಗೆ ಕೊಠಡಿಗೆ ಬೇಕು ಆಲಿಸುವ ಕಿವಿ

ಬಿ.ಎಸ್ಸಿ. ನರ್ಸಿಂಗ್ ಓದುತ್ತಿರುವ ನನ್ನ ಅಣ್ಣನ ಮೊಮ್ಮಗಳು ಈಚೆಗೆ ಖಾಲಿ ಹಾಳೆಯೊಂದನ್ನು ಹಿಡಿದು ಬಂದಿದ್ದಳು. ‘ಮಹಿಳೆಯರ ಆರೋಗ್ಯ ಸೇವೆಯಲ್ಲಿ ನನ್ನ ಶುಶ್ರೂಷಾ ತತ್ವ’ ಎಂಬ ವಿಷಯ ಕುರಿತು ಆಕೆ ಬರೆಯಬೇಕಿತ್ತು. ‘ಚಿಕ್ಕಜ್ಜ, ರಾತ್ರಿ ಪಾಳಿಯಲ್ಲಿ ಒಬ್ಬಳೇ ಎಂಟು ಮಂದಿಯ ನೋವು ನೋಡಿಕೊಳ್ಳುವವಳಿಗೆ ತತ್ವ ಎಲ್ಲಿಂದ ಬರಬೇಕು?’ ಎಂದು ಕೇಳಿದಳು.

ನಾನು ತಕ್ಷಣ ಉತ್ತರಿಸಲಿಲ್ಲ. ಸೇವೆಯಲ್ಲಿದ್ದಾಗ ಆಸ್ಪತ್ರೆಯೊಂದರ ಹೆರಿಗೆ ವಾರ್ಡಿಗೆ ಹೆಚ್ಚುವರಿ ದಾದಿಯರ ಹುದ್ದೆ ಕೋರಿದ ಕಡತ ನನ್ನ ಮೇಜಿಗೆ ಬಂದಿತ್ತು. ‘ಲಭ್ಯವಿರುವ ಸಿಬ್ಬಂದಿಯನ್ನೇ ಬಳಸಿಕೊಳ್ಳುವುದು’ ಎಂದು ಷರಾ ಬರೆದು ಹಿಂದಿರುಗಿಸಿದ್ದೆ. ಅರ್ಥಶಾಸ್ತ್ರ ಓದಿದ ನನಗೆ ಅದು ಮಿತವ್ಯಯವಾಗಿ ಕಂಡಿತ್ತು. ಕಾರ್ಖಾನೆಯಲ್ಲಿ ಕಡಿಮೆ ಜನರಿಂದ ಹೆಚ್ಚು ಉತ್ಪಾದನೆ ಪಡೆಯುವುದು ದಕ್ಷತೆಯೇ ಸರಿ. ಆದರೆ ಹೆರಿಗೆ ಕೊಠಡಿಯಲ್ಲಿ ದಾದಿಯ ಸಮಯವೇ ಸೇವೆ. ಅದನ್ನು ಕತ್ತರಿಸಿದರೆ ಸೇವೆಯನ್ನೇ ಕತ್ತರಿಸಿದಂತೆ ಎಂಬುದು ಅಂದು ನನಗೆ ಹೊಳೆಯಲಿಲ್ಲ.

ನಮ್ಮ ಸಾಧನೆ ಸಣ್ಣದಲ್ಲ. 2005–06ರಲ್ಲಿ ರಾಜ್ಯದಲ್ಲಿ ಆಸ್ಪತ್ರೆ ಹೆರಿಗೆಗಳ ಪ್ರಮಾಣ ಸುಮಾರು ಶೇ 65ರಷ್ಟಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವೇಳೆಗೆ ಅದು ಶೇ 97ಕ್ಕೆ ಏರಿತು. ಜನನಿ ಸುರಕ್ಷಾ ಯೋಜನೆ, ತಾಯಿ ಕಾರ್ಡ್, ಮಡಿಲು ಕಿಟ್, ಆಶಾ ಕಾರ್ಯಕರ್ತೆಯರ ಓಡಾಟ ಎಲ್ಲವೂ ಇದಕ್ಕೆ ನೆರವಾದವು. ಆದರೂ 2018–20ರಲ್ಲಿ ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಕರ್ನಾಟಕದಲ್ಲಿ ಮೃತಪಟ್ಟರು. ಕೇರಳದಲ್ಲಿ ಈ ಸಂಖ್ಯೆ 19. ಹೆಣ್ಣುಮಕ್ಕಳನ್ನು ಆಸ್ಪತ್ರೆಯ ಬಾಗಿಲಿಗೆ ತಂದೆವು. ಒಳಗೆ ಅವರ ಮಾತು ಕೇಳುವವರು ಯಾರು ಎಂದು ಯೋಚಿಸಲಿಲ್ಲ.

2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಮೃತಪಟ್ಟಾಗ ಚರ್ಚೆ ಮುಖ್ಯವಾಗಿ ಐವಿ ದ್ರಾವಣದ ಗುಣಮಟ್ಟದ ಸುತ್ತ ನಡೆಯಿತು. ಅದು ನಡೆಯಲೇಬೇಕಿತ್ತು. ಆದರೆ ಹಾಸಿಗೆಯ ಬಳಿ ಇರುವ ದಾದಿಯ ಪ್ರಶ್ನೆಯೂ ಅಷ್ಟೇ ಗಂಭೀರವಾದುದು. ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ಮೊದಲು ಗಮನಿಸಬೇಕಾದವಳು ಆಕೆಯೇ. ಆಫ್ರಿಕಾದ ನಾಲ್ಕು ದೇಶಗಳ ಸುಮಾರು 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಮನಾರ್ಹ. ಅಳತೆಯ ಗುರುತುಗಳಿರುವ ಪ್ಲಾಸ್ಟಿಕ್ ಹಾಸಿನಿಂದ ರಕ್ತಸ್ರಾವವನ್ನು ಅಳೆದು, ಅಗತ್ಯ ಚಿಕಿತ್ಸೆಗಳನ್ನು ಒಟ್ಟಿಗೆ ತಡಮಾಡದೆ ಆರಂಭಿಸಿದಾಗ ತೀವ್ರ ಸ್ವರೂಪದ ಅಪಾಯ ಶೇ 60ರಷ್ಟು ತಗ್ಗಿತು. ಅಲ್ಲಿ ಕೆಲಸ ಮಾಡಿದ್ದು ದುಬಾರಿ ಯಂತ್ರವಲ್ಲ, ಎಚ್ಚರದ ಕಣ್ಣು ಮತ್ತು ತಕ್ಷಣ ಕೈಗೊಂಡ ಕ್ರಮ.

ಇನ್ನೊಂದೆಡೆ, ರಾಜ್ಯದಲ್ಲಿ ಸಿಸೇರಿಯನ್ ಪ್ರಮಾಣ ಶೇ 31.5ಕ್ಕೆ ತಲುಪಿದೆ ಎನ್ನುತ್ತದೆ ಅದೇ ಸಮೀಕ್ಷೆ. ಎಷ್ಟೋ ಶಸ್ತ್ರಚಿಕಿತ್ಸೆಗಳು ಜೀವ ಉಳಿಸುತ್ತವೆ, ನಿಜ. ಆದರೆ ಸಹಜ ಹೆರಿಗೆಗೆ ತಾಳ್ಮೆ ಬೇಕು. ನೋವಿನಲ್ಲಿರುವವಳ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲುವವರಿರಬೇಕು. ಹೆರಿಗೆಯ ವೇಳೆ ತಾಯಿ ಬಯಸಿದವರೊಬ್ಬರು ಜೊತೆಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಗದರಿಕೆ ಇಲ್ಲದ, ಗೌರವದ ಆರೈಕೆ 2017ರಲ್ಲಿ ಕೇಂದ್ರ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮದ ಆಶಯವೂ ಹೌದು. ಆದರೆ ಬಳಲಿದ ದಾದಿಗೆ ಗೋಡೆಗೆ ಅಂಟಿಸಿದ ಸುತ್ತೋಲೆ ಸೌಜನ್ಯ ಕಲಿಸದು.

ದಾರಿ ಇಲ್ಲವೆಂದಲ್ಲ. ದಾದಿಯರಿಗೆ 18 ತಿಂಗಳ ತರಬೇತಿ ನೀಡಿ, ಸಹಜ ಹೆರಿಗೆಗಳ ಹೊಣೆಯನ್ನು ಸ್ವತಂತ್ರವಾಗಿ ವಹಿಸುವ ಮಿಡ್‌ವೈಫರಿ ಮಾರ್ಗಸೂಚಿಯನ್ನು ಕೇಂದ್ರ 2018ರಲ್ಲೇ ಹೊರಡಿಸಿದೆ. 1947ರ ನರ್ಸಿಂಗ್ ಪರಿಷತ್ ಕಾಯ್ದೆಯ ಸ್ಥಾನಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದಿದೆ. ತರಬೇತಿ ಪಡೆದವರಿಗೆ ಪ್ರತ್ಯೇಕ ಹುದ್ದೆ, ನಿರ್ಧರಿಸುವ ಅಧಿಕಾರ, ವೈದ್ಯರ ಸಹಕಾರ ದೊರೆಯದಿದ್ದರೆ ಇವೆಲ್ಲ ಕಡತದಲ್ಲೇ ಉಳಿಯುತ್ತವೆ. ಆಸ್ಪತ್ರೆಗಳ ಪರಾಮರ್ಶೆಯಲ್ಲಿ ಹೆರಿಗೆಗಳ ಸಂಖ್ಯೆಯ ಜೊತೆಗೆ ಪ್ರತಿ ಪಾಳಿಯ ದಾದಿಯರ ಸಂಖ್ಯೆಯನ್ನೂ, ತಾಯಂದಿರ ಅಭಿಪ್ರಾಯವನ್ನೂ ಕೇಳುವ ಪದ್ಧತಿ ಬರಬೇಕು.

ಹುಡುಗಿ ಕೊನೆಗೆ ಒಂದೇ ವಾಕ್ಯ ಬರೆದಳು: ‘ಆಕೆ ಏನೋ ಸರಿಯಿಲ್ಲ ಎಂದರೆ, ನಾನು ಮೊದಲು ನಂಬುತ್ತೇನೆ.’ ತತ್ವ ಅಷ್ಟೇ ಸಾಕು. ಅದನ್ನು ಪಾಲಿಸಲು ಅವಳಿಗೆ ಸಮಯ ಒದಗಿಸುವುದು, ಒಂದು ಕಾಲಕ್ಕೆ ನನ್ನಂತೆ ಷರಾ ಬರೆಯುವ ಸ್ಥಾನದಲ್ಲಿ ಈಗ ಕುಳಿತಿರುವವರ ಕೆಲಸ.