ಬೇಡುವ ಕೈ

ಸೆಪ್ಟೆಂಬರ್ 8 ಬಂದರೆ ಶಿವಾಜಿನಗರದ ಸಂತ ಮೇರಿಯಮ್ಮನವರ ದೇವಾಲಯಕ್ಕೆ ಕಾವಿಯುಟ್ಟು ನಡೆದು ಬರುವ ಭಕ್ತರ ಸಾಲು ಮುಗಿಯುವುದೇ ಇಲ್ಲ. ಭಕ್ತಿ ಅಲ್ಲಿ ಕಣ್ಣಿಗೆ ಕಾಣುತ್ತದೆ. ಹಬ್ಬ ಕಳೆದ ಮರುದಿನ ಆ ಭಕ್ತಿ ಏನು ಮಾಡುತ್ತದೆ ಎಂಬುದು ಬೇರೆಯ ಪ್ರಶ್ನೆ. ಅದಕ್ಕೊಂದು ಉತ್ತರ ಹೊಸೂರು ರಸ್ತೆಯಲ್ಲಿದೆ. ‘ಬಡವರ ಪುಟ್ಟ ಸೋದರಿಯರು’ ಎಂಬ ಸಂನ್ಯಾಸಿನಿಯರು ದಿಕ್ಕಿಲ್ಲದ ವೃದ್ಧರಿಗಾಗಿ ಅಲ್ಲಿ ಮನೆ ತೆರೆದುದು 1900ರಲ್ಲಿ. ಊರಿಗೆ ಪ್ಲೇಗು ಬಡಿದು ಎರಡೇ ವರ್ಷವಾಗಿತ್ತು. ಅಲ್ಲಿ ಸೇರಲು ಜಾತಿಮತಗಳ ಕಟ್ಟಿಲ್ಲ. ಮುಪ್ಪು ಮತ್ತು ಬಡತನ, ಎರಡಿದ್ದರೆ ಸಾಕು.

ವೃದ್ಧಾಶ್ರಮಗಳಿಗೆ ಇಂದು ಬರವಿಲ್ಲ. ಆದರೆ ಈ ಸೋದರಿಯರು ತಮ್ಮವರನ್ನು ಬೇಡಿ ಸಾಕುತ್ತಾರೆ. ಆ ವ್ರತದ ಮೂಲವನ್ನು ಅರಿಯಬೇಕಾದರೆ ಫ್ರಾನ್ಸಿನ ಕಡಲತೀರದ ಸಾಂ ಸರ್ವಾಂ ಎಂಬ ಊರಿಗೆ ಹೋಗಬೇಕು.

ಜಾನ್ ಜ್ಯೂಗಾಂ ಎಂಬಾಕೆ ಅಲ್ಲಿ ಮನೆಗೆಲಸ ಮಾಡಿ ಬದುಕುತ್ತಿದ್ದಳು. 1839ರ ಚಳಿಗಾಲ. ಕುರುಡಿಯೂ ಅರ್ಧಾಂಗವಾಯು ಪೀಡಿತಳೂ ಆದ ಮುದುಕಿಯೊಬ್ಬಳನ್ನು ಆಕೆ ಎತ್ತಿಕೊಂಡು, ಇಕ್ಕಟ್ಟಾದ ಮೆಟ್ಟಿಲು ಹತ್ತಿ, ತನ್ನ ಹಾಸಿಗೆಯಲ್ಲಿ ಮಲಗಿಸಿದಳು. ತಾನು ಅಟ್ಟ ಸೇರಿದಳು. ಆಗ ಆಕೆಗೆ 47 ವರ್ಷ. ಕೈಯಲ್ಲಿ ಹಣವಿರಲಿಲ್ಲ, ಹಿಂದೆ ಮಠವಿರಲಿಲ್ಲ. ಒಬ್ಬಳು ಬಂದಳು, ಮತ್ತೊಬ್ಬಳು ಬಂದಳು, ಮನೆ ತುಂಬಿತು. ಬಂದ ಮುದುಕಿಯರಲ್ಲಿ ಹಲವರು ಹಿಂದೆ ಭಿಕ್ಷೆಯಿಂದ ಬದುಕಿದವರು. ನಿಮಗೆ ಯಾರು ಯಾರು ಕೊಡುತ್ತಿದ್ದರು, ಹೇಳಿರಿ ಎಂದು ಕೇಳಿ, ಅವರ ಬದಲಿಗೆ ತಾನೇ ಬುಟ್ಟಿ ಹಿಡಿದು ಆ ಮನೆಗಳ ಬಾಗಿಲಿಗೆ ಹೋದಳು.

ವಾರಾನ್ನ, ಮಧುಕರಿಗಳನ್ನು ಬಲ್ಲ ನಮ್ಮ ನಾಡಿಗೆ ಭಿಕ್ಷೆ ಹೊಸದಲ್ಲ. ಆದರೂ ದುಡಿದು ತಿನ್ನುತ್ತಿದ್ದ ಹೆಂಗಸು ಪರರ ಹೊಟ್ಟೆಗಾಗಿ ಕೈಯೊಡ್ಡುವುದೆಂದರೆ! ಹಾಸಿಗೆ ಬಿಟ್ಟುಕೊಟ್ಟುದಕ್ಕಿಂತ ಇದು ಕಠಿನವಾದ ತ್ಯಾಗ. ಕೊಡುವವನಿಗೆ ಕೊಟ್ಟ ಗೌರವವಾದರೂ ಉಳಿಯುತ್ತದೆ. ಸಿಟ್ಟಿಗೆದ್ದವನೊಬ್ಬ ಆಕೆಯ ಕೆನ್ನೆಗೆ ಹೊಡೆದನೆಂದೂ, ಏಟು ತನಗಾಯಿತು, ಇನ್ನು ತನ್ನ ಬಡವರಿಗೇನಾದರೂ ಕೊಡಿರೆಂದು ಆಕೆ ಮತ್ತೆ ಕೈನೀಡಿದಳೆಂದೂ ಹೇಳುವುದುಂಟು.

ಮುಂದಿನದು ಇನ್ನೂ ಕಹಿ. ಸಂಘಕ್ಕೆ ಮಾರ್ಗದರ್ಶಿಯಾಗಿದ್ದ ಪಾದ್ರಿ ಲ ಪಾಯರ್ 1843ರಲ್ಲಿ ಆಕೆಯನ್ನು ಹಿರಿತನದಿಂದ ಇಳಿಸಿ, ಬರಬರುತ್ತ ಸಂಸ್ಥಾಪಕನ ಹೆಸರನ್ನು ತಾನೇ ಧರಿಸಿದ. 1852ರಿಂದ ಸಾಯುವ ತನಕ, 27 ವರ್ಷ, ಆಕೆ ಮೂಲಮಠದ ಮೂಲೆಯಲ್ಲಿ ಬಾಳಿದಳು. ಸಂಘ ಕಟ್ಟಿದವಳು ಈಕೆಯೇ ಎಂಬುದು ಜೊತೆಯಲ್ಲಿದ್ದ ಎಳೆಯ ಸೋದರಿಯರಿಗೇ ತಿಳಿಯದು. ಆಕೆ ಎದುರಾಡಲಿಲ್ಲ. ಆ ಮೌನವನ್ನು ಮೆಚ್ಚುವುದು ಸುಲಭ, ಒಪ್ಪುವುದು ಸುಲಭವಲ್ಲ, ಅನ್ಯಾಯವು ಅನ್ಯಾಯವೇ. ರೋಮ್ ವಿಚಾರಿಸಿ ಆ ಪಾದ್ರಿಯನ್ನು ಪದಚ್ಯುತನನ್ನಾಗಿ ಮಾಡಿದ್ದು 1890ರಲ್ಲಿ. ಆಕೆ ತೀರಿಕೊಂಡು 11 ವರ್ಷಗಳಾಗಿದ್ದವು. ಸಂತಳೆಂದು ಘೋಷಣೆಯಾದುದು 2009ರಲ್ಲಿ.

ಮೂಲೆಯಲ್ಲಿದ್ದ ಆಕೆಯ ಮಾತು ಒಮ್ಮೆ ಮಾತ್ರ ನಡೆಯಿತು. ಶಾಶ್ವತವಾದ ದತ್ತಿಯನ್ನು ಸ್ವೀಕರಿಸಬಹುದೇ ಎಂಬ ಪ್ರಶ್ನೆ 1865ರಲ್ಲಿ ಎದ್ದಾಗ, ಸ್ಥಿರವಾದ ವರಮಾನ ಬೇಡ, ದೇವರನ್ನು ನಂಬಿ ನಡೆಯಿರಿ ಎಂದಳು. ಸಂಘ ಹಾಗೆಯೇ ನಿಶ್ಚಯಿಸಿತು. ಹೀಗಾಗಿ ಬಡ್ಡಿಯ ಹಣದಲ್ಲಿ ನಿಶ್ಚಿಂತೆಯಿಂದ ನಡೆಯುವ ಭಾಗ್ಯ ಆಕೆಯ ಸೋದರಿಯರಿಗಿಲ್ಲ. ಉಗ್ರಾಣದ ಅಕ್ಕಿ ತೀರುವ ಮೊದಲು ಅವರು ಅಂಗಡಿ, ಮಾರುಕಟ್ಟೆಗಳತ್ತ ಹೊರಡಲೇಬೇಕು.